ಅಡಿಕೆಗೆ ಕ್ಲೀನ್ ಚಿಟ್ ಕೊಟ್ಟವರು ಯಾರು?

(1/3)
ತರೀಕೆರೆ, ಅಜ್ಜಂಪುರ, ಕಡೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋ ಫಾರ್ವರ್ಡ್ ನಿಮಗೂ ಬಂದಿರುತ್ತೆ: ಅಡಿಕೆಯಿಂದ ಕ್ಯಾನ್ಸರ್ ಬರಲ್ಲ, ಸಂಶೋಧನೆಯಲ್ಲಿ ಸಾಬೀತಾಗಿದೆ. ಯಾವ ಸಂಶೋಧನೆ ಅಂತ ಕೇಳಿ ನೋಡಿ. ಹೆಚ್ಚಂದ್ರೆ ಅಡಿಕೆ ಸಾರವನ್ನು ಇಲಿ ಮೇಲೋ ಜೀವಕೋಶದ ಮೇಲೋ ಹಾಕಿ ನೋಡಿದ ಒಂದು ಲ್ಯಾಬ್ ಪ್ರಯೋಗ. ಸುಲಿಯೋ ಮನೆಯಲ್ಲಿ ಕೂತು ಮೂವತ್ತು ವರ್ಷ ಜಗಿದವರ ಲೆಕ್ಕ ಅದರಲ್ಲಿಲ್ಲ.

ಆ ಲೆಕ್ಕ ಬೇಕಂದ್ರೆ ಸಿಸ್ಟಮ್ಯಾಟಿಕ್ ರಿವ್ಯೂ ಓದಬೇಕು. ಅಂದ್ರೆ ಹೇಗೆ ಹುಡುಕ್ತೀವಿ ಅಂತ ಮೊದಲೇ ಬರೆದಿಟ್ಟು, ಬೇಕಾದ್ದು ಬೇಡದ್ದು ಎಲ್ಲಾ ಅಧ್ಯಯನಗಳನ್ನೂ ಒಟ್ಟಿಗೆ ತೂಗೋದು.

(2/3)
"ತಂಬಾಕಿನ ತಪ್ಪನ್ನ ಅಡಿಕೆ ತಲೆಗೆ ಕಟ್ತಾರೆ" ಅಂತೀರಾ? ಒಳ್ಳೇ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೂ ಅದನ್ನೇ ಕೇಳಿಕೊಂಡಿತ್ತು. 1985ರಲ್ಲಿ ತಂಬಾಕು ಸೇರಿದ ಎಲೆಅಡಿಕೆ ಮಾತ್ರ ಕ್ಯಾನ್ಸರ್ ತರುತ್ತೆ ಅಂತು, ತಂಬಾಕಿಲ್ಲದ್ದಕ್ಕೆ ಪುರಾವೆ ಸಾಲದು ಅಂತಲೇ ಬರೀತು. ಹೊಸ ಅಧ್ಯಯನಗಳು ಬಂದ ಮೇಲೆ, 2004ರ ವರದಿಯಲ್ಲಿ, ತಂಬಾಕಿಲ್ಲದ ಎಲೆಅಡಿಕೆಯನ್ನೂ ಬರೀ ಅಡಿಕೆಯನ್ನೂ ಮೊದಲ ಗುಂಪಿಗೆ ಹಾಕಿತು. ನಮ್ಮ ಮೇಲೆ ದ್ವೇಷ ಇದ್ದವರು 19 ವರ್ಷ ಕಾಯ್ತಿದ್ರಾ?

2014ರಲ್ಲಿ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಒಂದು ಮೆಟಾ ಅನಾಲಿಸಿಸ್ ಬಂತು. ಭಾರತ ಉಪಖಂಡದಲ್ಲಿ ತಂಬಾಕು ಸೇರಿಸಿ ಜಗಿಯೋರಿಗೆ ಬಾಯಿ ಕ್ಯಾನ್ಸರ್ ಅಪಾಯ ಜಗಿಯದವರ 7.74 ಪಟ್ಟು. ತಂಬಾಕಿಲ್ಲದೆ 2.56 ಪಟ್ಟು. ತಂಬಾಕು ತೆಗೆದ ಮೇಲೂ ಅದು 1ಕ್ಕೆ ಇಳೀಲಿಲ್ಲ. ನನ್ನ ಕಾಲೇಜು ಫೀಸೂ ಅಡಿಕೆ ರೇಟಿನ ಮೇಲೇ ನಿಂತಿದೆ, ಇದನ್ನ ಬರೆಯೋಕೆ ನನಗೇನೂ ಖುಷಿ ಇಲ್ಲ.

(3/3)
ಈಗ ಆ ಕಡೆಯವರಿಗೆ. "ರಿವ್ಯೂ ಹೇಳಿದೆ, ಮುಗೀತು" ಅನ್ನೋರೇ, ಮುಗಿದಿಲ್ಲ. ಅದೇ ಲೇಖನದಲ್ಲಿ ತೈವಾನಿನ ತಂಬಾಕಿಲ್ಲದ ಅಂಕಿ 10.98. ಅಲ್ಲಿ ಹಸಿ ಎಳೆಕಾಯಿಯನ್ನ ವೀಳ್ಯದ ಹೂಗೊನೆ ಜೊತೆ ಜಗೀತಾರೆ, ನಮ್ಮ ಕಡೆ ಬೇಯಿಸಿ ಒಣಗಿಸಿದ್ದು. ಲೇಖಕರು ಎರಡನ್ನೂ ಬೇರೆ ಬೇರೆ ಇಟ್ರು. ನೀವು ಪೋಸ್ಟಲ್ಲಿ ದೊಡ್ಡದನ್ನ ಮಾತ್ರ ಹಾಕ್ತೀರಿ. 2.56 ಪಟ್ಟು ಅಂದ್ರೆ ಜಗಿದವರಿಗೆಲ್ಲಾ ಬರುತ್ತೆ ಅಂತಾನೂ ಅಲ್ಲ.

ಇನ್ನೂ ಇದೆ. ಇಂಥ ಅಧ್ಯಯನಗಳಲ್ಲಿ ಬಹಳಷ್ಟು, ರೋಗಿಗಳನ್ನ "ಎಷ್ಟು ವರ್ಷ ಜಗಿದ್ರಿ" ಅಂತ ಕೇಳಿ ಬರೆದುಕೊಂಡಿದ್ದು. ನೆನಪು ತಪ್ಪಬಹುದು. ಬೀಡಿ, ಹೆಂಡ ಕಳೆದು ಲೆಕ್ಕ ಹಾಕಿದ್ರಾ ಅಂತ ಒಂದೊಂದರಲ್ಲೂ ನೋಡಬೇಕು. ಬಿಕಾಂನವರಿಗೆ ಗೊತ್ತು, ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಎಂಟ್ರಿ ಸರಿ ಅಂತಲ್ಲ.

ಹಾಗಾಗಿ ಬೆಳೆಗಾರರ ನಾಯಕರು ಕ್ಲೀನ್ ಚಿಟ್ ಕೇಳೋದು ಬಿಟ್ಟು ಇದನ್ನ ಕೇಳಲಿ: ನಮ್ಮ ಬೇಯಿಸಿದ ಅಡಿಕೆಯನ್ನೇ ಬೇರೆ ಮಾಡಿ, ದಿನಕ್ಕೆಷ್ಟು, ಎಷ್ಟು ವರ್ಷ ಅಂತ ವಿಂಗಡಿಸಿದ ರಿವ್ಯೂ. ವಿಧಾನ ಮೊದಲೇ ನೋಂದಣಿಯಾಗಬೇಕು, ದುಡ್ಡು ಕೊಟ್ಟವರ ಹೆಸರು ಮೊದಲ ಪುಟದಲ್ಲಿರಬೇಕು, ಬೇಡದ ಉತ್ತರ ಬಂದ್ರೂ ಅಚ್ಚಾಗಬೇಕು. ಆ ಕೊನೇ ಷರತ್ತಿಗೆ ಒಪ್ಪೋ ನಾಯಕರು ಯಾರಿದ್ದಾರೆ, ಹೇಳಿ.