ಎಲ್ಲದಕ್ಕೂ ವಯಸ್ಸೇ ಕಾರಣವೇ?

“ವಯಸ್ಸಾಯಿತಲ್ಲ, ಇನ್ನು ಇದೆಲ್ಲ ಇದ್ದದ್ದೇ.” ಮನೆಯ ಹಿರಿಯರು ನೋವು ಹೇಳಿಕೊಂಡಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಇದು. ಮಕ್ಕಳಿಗೆ ಖರ್ಚು ಬೇಡ, ತೊಂದರೆ ಬೇಡ ಎಂದು ಅವರೂ ಅದನ್ನೇ ಒಪ್ಪಿ ಸುಮ್ಮನಾಗುತ್ತಾರೆ.

ಟಿ. ನರಸೀಪುರದಲ್ಲಿರುವ ನನ್ನ ಖಾಲಾ ಹೀಗೆಯೇ ಎರಡು ವರ್ಷ ಸುಮ್ಮನಿದ್ದರು. ಮರೆವು, ಸುಸ್ತು, ಬೇಸಿಗೆಯಲ್ಲೂ ಚಳಿಯೆಂದು ಹೊದ್ದು ಮಲಗುವುದು. ಮಾತು ಕಡಿಮೆಯಾಗಿತ್ತು. ಎಪ್ಪತ್ತು ದಾಟಿದವರು, ಇನ್ನೇನು ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು. ಒಮ್ಮೆ ನಂಜನಗೂಡಿನಿಂದ ಮಾಮು ಬಂದರು. ಅವರು ಬಾಳೆ ಬೆಳೆಯುವವರು. ಅಕ್ಕನನ್ನು ನೋಡಿ, “ಗಿಡದ ಎಲೆ ಹಳದಿಯಾದರೆ ನಾವು ಕಾಂಡ ಸೀಳಿ ನೋಡುತ್ತೇವೆ. ನೀವು ಇವಳ ರಕ್ತವನ್ನಾದರೂ ಪರೀಕ್ಷೆ ಮಾಡಿಸಿದ್ದೀರಾ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ನಂಜನಗೂಡು ರಸಬಾಳೆಯ ರುಚಿ ನಿಮಗೆ ಗೊತ್ತಿರಬಹುದು. ದೇವರಸನಹಳ್ಳಿಯ ಸುತ್ತಮುತ್ತ ಬೆಳೆಯುತ್ತಿದ್ದ ಈ ಹಣ್ಣಿಗೆ 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಬಾಳೆಗಿಡ ಬಾಳಿನಲ್ಲಿ ಒಂದೇ ಗೊನೆ ಕೊಡುತ್ತದೆ. ಆ ಹೊತ್ತಿಗೆ ಅದರ ಕೆಳಗಿನ ಎಲೆಗಳು ಹಳದಿಯಾಗಿ ಜೋತು ಬೀಳುತ್ತವೆ. ಬುಡದ ಕಂದುಗಳು ಮೇಲೆದ್ದರೆ ತಾಯಿಗಿಡದ ಕೆಲಸ ಮುಗಿಯಿತು. ಇದು ಮುಪ್ಪು. ಆದರೆ ಪನಾಮಾ ಸೊರಗು ರೋಗ ತಗುಲಿದರೂ ಸಾಮಾನ್ಯವಾಗಿ ಮೊದಲು ಹಳದಿಯಾಗುವುದು ಆ ಕೆಳಗಿನ ಎಲೆಗಳೇ! ಕಾಂಡ ಸೀಳಿದರೆ ಒಳಗೆ ಕಂದುಬಣ್ಣದ ಗೆರೆಗಳು ಕಾಣುತ್ತವೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರವೊಂದು ಬೇರಿನಿಂದ ಹೊಕ್ಕು ನೀರಿನ ದಾರಿಯನ್ನೇ ಕಟ್ಟಿಬಿಡುತ್ತದೆ. ಈ ರೋಗದಿಂದ ರಸಬಾಳೆಯ ಎಷ್ಟೋ ತೋಟಗಳು ಹಾಳಾದವು. ಹೊರಗಿನಿಂದ ನೋಡಿದರೆ ಮುಪ್ಪು, ಒಳಗೆ ರೋಗ.

ಮುಪ್ಪು ಪ್ರತಿಯೊಂದು ಜೀವಿಗೂ ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ಆನೆಗೆ ದವಡೆಹಲ್ಲು ಒಂದರ ಹಿಂದೆ ಒಂದರಂತೆ ಆರು ಸಲ ಬರುತ್ತದೆ. ಕೊನೆಯದೂ ಸವೆದರೆ ಮೇವು ಅಗಿಯಲಾರದೆ ಅದು ಸೊರಗುತ್ತದೆ. ಮನುಷ್ಯರಲ್ಲಿ ಚರ್ಮ ತೆಳುವಾಗುತ್ತದೆ, ಮಾಂಸಖಂಡ ಕರಗುತ್ತದೆ. ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ, ಆದ್ದರಿಂದ ಹಿರಿಯರು ಕೇಳದಿದ್ದರೂ ನಾವೇ ನೀರು ಕೊಡಬೇಕು. ಮುಟ್ಟು ನಿಂತ ನಂತರದ ಕೆಲವು ವರ್ಷ ಹೆಂಗಸರ ಮೂಳೆ ಬಹಳ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿದರೆ ಸಾಕು, ಸೊಂಟದ ಮೂಳೆ ಮುರಿದೀತು.

ಇವೆಲ್ಲ ವಯಸ್ಸಿನ ಕೆಲಸವೇ. ಆದರೂ ಕೈಕಟ್ಟಿ ಕೂರಬೇಕಾಗಿಲ್ಲ. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಿದೆ, ಕಿವಿಗೆ ಯಂತ್ರವಿದೆ. ಮೂಳೆಗೆ ಬಿಸಿಲು, ಹಾಲು, ರಾಗಿ, ದಿನವೂ ಒಂದಿಷ್ಟು ನಡಿಗೆ ಒಳ್ಳೆಯದು. ಬಚ್ಚಲಿಗೆ ಹಿಡಿಕೆಯೊಂದನ್ನು ಹಾಕಿಸುವುದು ಮೂಳೆ ಜೋಡಿಸುವುದಕ್ಕಿಂತ ಎಷ್ಟೋ ಅಗ್ಗ.

ಇನ್ನು ಕೆಲವು ಲಕ್ಷಣಗಳನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಲೇಬಾರದು. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಬೇರೆ, ದಿನವೂ ನಡೆದ ಬೀದಿಯಲ್ಲಿ ಮನೆಯ ದಾರಿ ತಪ್ಪುವುದು ಬೇರೆ. ಕಾರಣವಿಲ್ಲದೆ ತೂಕ ಇಳಿಯುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸುವುದು, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುವುದು, ಯಾವುದರಲ್ಲೂ ಆಸಕ್ತಿ ಇಲ್ಲದೆ ಮೂಲೆ ಸೇರುವುದು, ಇವನ್ನು ವೈದ್ಯರಿಗೆ ತೋರಿಸಲೇಬೇಕು. ರಕ್ತ ಕಾಣಿಸಿದ್ದನ್ನು ಎಷ್ಟೋ ತಾಯಂದಿರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಹೆಣ್ಣುಮಕ್ಕಳು, ಸೊಸೆಯಂದಿರು ಮೆಲ್ಲಗೆ ಕೇಳಿ ತಿಳಿದುಕೊಳ್ಳಬೇಕು.

ಖಾಲಾರ ರಕ್ತ ಪರೀಕ್ಷಿಸಿದಾಗ ಥೈರಾಯ್ಡ್ ಬಹಳ ಕಡಿಮೆಯಿತ್ತು. ವೈದ್ಯರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಕೆಲವು ತಿಂಗಳಲ್ಲಿ ಹೊದಿಕೆ ಪೆಟ್ಟಿಗೆ ಸೇರಿತು, ಮಾತು ಮರಳಿತು. ಮೊಮ್ಮಕ್ಕಳ ಹೆಸರನ್ನು ಈಗ ಸರಿಯಾಗಿ ಕರೆಯುತ್ತಾರೆ. ಮಂಡಿ ಮಾತ್ರ ಹಾಗೆಯೇ ಇದೆ, ನಮಾಝನ್ನು ಕುರ್ಚಿಯಲ್ಲಿ ಕುಳಿತೇ ಮಾಡುತ್ತಾರೆ. ಅದು ವಯಸ್ಸು. ಆದರೆ ಕಳೆದುಹೋದ ಆ ಎರಡು ವರ್ಷ ವಯಸ್ಸಿನದಲ್ಲ, ನಮ್ಮ ಉದಾಸೀನದ್ದು.

ಸಹೋದರಿಯರೇ, ನಿಮ್ಮ ಮನೆಯಲ್ಲಿ “ನನಗೇನಿಲ್ಲ, ವಯಸ್ಸಾಯಿತು ಅಷ್ಟೇ” ಎನ್ನುವವರು ಇದ್ದರೆ ಈ ವಾರವೇ ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಆ ಮಾತನ್ನು ನೀವೇ ಹೇಳುತ್ತಿದ್ದರೆ, ನೀವೂ ಹೋಗಿ.