ಎಂಡನ್ ಹಡಗಿನ ಕಪ್ತಾನ

೧೯೧೪ನೆಯ ಇಸವಿ ಸೆಪ್ಟೆಂಬರ್ ೨೨ರ ರಾತ್ರಿ. ಒಂಬತ್ತೂವರೆ ಗಂಟೆಯ ಸುಮಾರು. ಮದರಾಸಿನ ಜನ ಊಟ ಮುಗಿಸಿ ಮಲಗುವ ಸನ್ನಾಹದಲ್ಲಿದ್ದರು. ಯುದ್ಧ ಆರಂಭವಾಗಿ ಏಳು ವಾರಗಳಾಗಿದ್ದರೂ ಅದು ಎಲ್ಲಿಯೋ ಯೂರೋಪಿನಲ್ಲಿ ನಡೆಯುವ ಸಂಗತಿಯೆಂದೇ ಎಲ್ಲರ ಭಾವನೆ. ಹೈಕೋರ್ಟಿನ ಗೋಪುರದ ಮೇಲಿನ ದೀಪಸ್ತಂಭ ಎಂದಿನಂತೆ ಬೆಳಗುತ್ತಿದ್ದಿತು. ಇದ್ದಕ್ಕಿದ್ದಂತೆ ಕಡಲಿನ ಕಡೆಯಿಂದ ಗುಡುಗಿನಂತಹ ಸದ್ದು ಕೇಳಿಸಿತು. ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳು ಹೊತ್ತಿಕೊಂಡು, ಆಕಾಶವೆಲ್ಲ ಕೆಂಪಾಯಿತು. ಅರ್ಧ ಗಂಟೆಯೊಳಗೆ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿ, ಬಂದ ಹಡಗು ಕತ್ತಲೆಯಲ್ಲಿ ಮರೆಯಾಯಿತು. ಮರುದಿನದಿಂದ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಡತೊಡಗಿದರು.

ಆ ಹಡಗಿನ ಹೆಸರು ಎಂಡನ್. ತಮಿಳರ ಆಡುಮಾತಿನಲ್ಲಿ ಇಂದಿಗೂ ಆ ಹೆಸರು ಉಳಿದಿದೆ. ಚಾಲಾಕಿಯನ್ನೂ ಎದೆಗಾರಿಕೆಯನ್ನೂ ಒಟ್ಟಿಗೆ ತೋರಿಸುವವನನ್ನು ಅವರು ‘ಎಂಡನ್’ ಎಂದು ಕರೆಯುತ್ತಾರೆ. ಹಡಗು ನುಡಿಯಲ್ಲಿ ಉಳಿಯಿತು, ಅದನ್ನು ನಡೆಸಿದವನನ್ನು ಜನ ಮರೆತರು.

ಕಾರ್ಲ್ ಫಾನ್ ಮ್ಯೂಲರನು ಹುಟ್ಟಿದ್ದು ೧೮೭೩ರಲ್ಲಿ, ಜರ್ಮನಿಯ ಹಾನೋವರ್ ನಗರದಲ್ಲಿ. ತಂದೆ ಭೂಸೈನ್ಯದ ಅಧಿಕಾರಿ. ಮಗನು ೧೮೯೧ರಲ್ಲಿ ನೌಕಾಪಡೆಯನ್ನು ಸೇರಿದನು. ಮಿತಭಾಷಿ, ಸಂಕೋಚದ ಸ್ವಭಾವದವನು. ಪೂರ್ವ ಆಫ್ರಿಕದ ತೀರದಲ್ಲಿ ಸೇವೆಯಲ್ಲಿದ್ದಾಗ ಹಿಡಿದ ಮಲೇರಿಯಾ ಜೀವಮಾನವಿಡೀ ಅವನನ್ನು ಬಿಡಲಿಲ್ಲ. ಸಣ್ಣ ಸಣ್ಣ ಹುದ್ದೆಗಳಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ, ೧೯೧೩ರಲ್ಲಿ, ಚೀನದ ಚಿಂಗ್‌ತಾವ್ ರೇವಿನಲ್ಲಿದ್ದ ಎಂಡನ್ ಹಡಗಿನ ಅಧಿಪತ್ಯ ದೊರೆಯಿತು.

ಯುದ್ಧ ಆರಂಭವಾದಾಗ ಪೂರ್ವ ಸಮುದ್ರದ ಜರ್ಮನ್ ಪಡೆಗೆ ಫಾನ್ ಸ್ಪೀ ಎಂಬವನು ನಾಯಕ. ಅವನಿಗಿದ್ದ ದೊಡ್ಡ ಚಿಂತೆ ಕಲ್ಲಿದ್ದಲು. ಬ್ರಿಟಿಷರ ಹಿಡಿತದಲ್ಲಿದ್ದ ಹಿಂದೂ ಮಹಾಸಾಗರದಲ್ಲಿ ಇಡೀ ಪಡೆಗೆ ಬೇಕಾಗುವಷ್ಟು ಕಲ್ಲಿದ್ದಲನ್ನು ಎಲ್ಲಿಂದ ತರುವುದು? ಆಗ ಮ್ಯೂಲರನು ಒಂದು ಸಲಹೆ ಕೊಟ್ಟನು: ಪಡೆ ಬೇರೆ ದಾರಿ ಹಿಡಿಯಲಿ, ಒಂದೇ ಒಂದು ಲಘು ಹಡಗು ಹಿಂದೂ ಮಹಾಸಾಗರಕ್ಕೆ ಹೋಗಲಿ, ಅದು ತನ್ನ ಕಲ್ಲಿದ್ದಲನ್ನು ಶತ್ರುವಿನ ಹಡಗುಗಳಿಂದಲೇ ಕಿತ್ತುಕೊಳ್ಳಬಲ್ಲುದು. ನಾಯಕನು ಒಪ್ಪಿದನು. ಪಡೆ ದಕ್ಷಿಣ ಅಮೆರಿಕದತ್ತ ಹೋಗಿ ಡಿಸೆಂಬರಿನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ಮುಳುಗಿತು. ಎಂಡನ್ ಒಂಟಿಯಾಗಿ ಪಶ್ಚಿಮಕ್ಕೆ ತಿರುಗಿತು.

ಎಂಡನ್ನಿಗೆ ಮೂರು ಹೊಗೆಕೊಳವೆಗಳು. ಆ ಕಡಲಿನಲ್ಲಿ ಸುತ್ತುತ್ತಿದ್ದ ಬ್ರಿಟಿಷ್ ಯುದ್ಧನೌಕೆಗೆ ನಾಲ್ಕು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ನಾಲ್ಕನೆಯ ಕೊಳವೆಯ ವೇಷ ಕಟ್ಟಲಾಯಿತು. ಸೆಪ್ಟೆಂಬರ್ ೧೦ರಿಂದ ಬಂಗಾಳ ಕೊಲ್ಲಿಯಲ್ಲಿ ಬೇಟೆ ಮೊದಲಾಯಿತು. ಸಿಕ್ಕಿದ ‘ಇಂಡಸ್’ ಎಂಬ ಹಡಗಿನಲ್ಲಿ ರಾಶಿ ರಾಶಿ ಸಾಬೂನು ಇದ್ದಿತಂತೆ. ಎಂಡನ್ನಿನಲ್ಲಿ ಸಾಬೂನು ಮುಗಿದು ನಾವಿಕರು ಪರದಾಡುತ್ತಿದ್ದ ದಿನಗಳವು. ‘ಕಬಿಂಗಾ’ ಎಂಬ ಹಡಗಿನಲ್ಲಿ ಕಪ್ತಾನನ ಹೆಂಡತಿ ಮತ್ತು ಪುಟ್ಟ ಮಗು ಇದ್ದರು. ಮ್ಯೂಲರನು ಆ ಹಡಗನ್ನು ಮುಳುಗಿಸದೆ, ಅದುವರೆಗೆ ಹಿಡಿದ ಸೆರೆಯಾಳುಗಳನ್ನೆಲ್ಲ ಅದಕ್ಕೇ ಹತ್ತಿಸಿ ಕಳುಹಿಸಿದನು. ಬಿಡುಗಡೆ ಹೊಂದಿದವರು ಹೊರಡುವಾಗ ತಮ್ಮ ಹಡಗುಗಳನ್ನು ಮುಳುಗಿಸಿದವನಿಗೇ ಜಯಕಾರ ಹಾಕಿದರು. ಎರಡೇ ತಿಂಗಳುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರದ ಹಡಗುಗಳು ಅವನ ಕೈಗೆ ಸಿಕ್ಕವು. ಆ ಹಡಗುಗಳ ಜನರಲ್ಲಿ ಯಾರ ಪ್ರಾಣಕ್ಕೂ ಅಪಾಯವಾಗದಂತೆ ಅವನು ನೋಡಿಕೊಂಡ ಬಗೆಯನ್ನು ಶತ್ರುಗಳ ಪತ್ರಿಕೆಗಳೇ ಕೊಂಡಾಡಿದವು.

ಅಕ್ಟೋಬರಿನಲ್ಲಿ ಹಡಗಿನ ತಳ ಕೆರೆಸಲು ಡೀಗೊ ಗಾರ್ಸಿಯಾ ದ್ವೀಪಕ್ಕೆ ಹೋದಾಗ ನಡೆದುದು ಕಥೆಗಾರನು ಕಟ್ಟಿದಂತಹ ಪ್ರಸಂಗ. ಆ ದ್ವೀಪದವರಿಗೆ ಯುದ್ಧದ ಸುದ್ದಿಯೇ ಮುಟ್ಟಿರಲಿಲ್ಲ! ಬ್ರಿಟಿಷರ ಅಧೀನದ ದ್ವೀಪದಲ್ಲಿ ಜರ್ಮನ್ ನಾವಿಕರಿಗೆ ಆದರದ ಸ್ವಾಗತ. ನಾವಿಕರು ಅಲ್ಲಿಯ ತೋಟದ ಮೇಲ್ವಿಚಾರಕನ ಕೆಟ್ಟುಹೋಗಿದ್ದ ಮೋಟಾರು ದೋಣಿಯನ್ನು ರಿಪೇರಿ ಮಾಡಿಕೊಟ್ಟರು. ಅವನು ಮೀನು, ತೆಂಗಿನಕಾಯಿಗಳನ್ನು ಕೊಟ್ಟು ಬೀಳ್ಕೊಟ್ಟನು. ಯುದ್ಧದ ಮಾತನ್ನು ಯಾರೂ ಎತ್ತಲಿಲ್ಲ.

ಇಷ್ಟನ್ನೇ ಓದಿ ಇದೊಂದು ವಿನೋದದ ಯುದ್ಧವೆಂದು ತಿಳಿಯುವುದು ತಪ್ಪಾದೀತು. ಮದರಾಸಿನ ಬಂದರಿನಲ್ಲಿ ನಿಂತಿದ್ದ ಹಡಗಿನಲ್ಲಿ ಆ ರಾತ್ರಿ ಸತ್ತವರು ಯಾರ ವೈರಿಗಳೂ ಆಗಿರಲಿಲ್ಲ. ಅಕ್ಟೋಬರ್ ೨೮ರ ಬೆಳಗಿನ ಜಾವ ಸುಳ್ಳು ಕೊಳವೆಯ ವೇಷದಲ್ಲಿ ಪೆನಾಂಗ್ ರೇವನ್ನು ಹೊಕ್ಕ ಎಂಡನ್, ಕೊನೆಯ ಗಳಿಗೆಯಲ್ಲಿ ತನ್ನ ಧ್ವಜ ಏರಿಸಿ, ಜೆಮ್‌ಚುಗ್ ಎಂಬ ರಷ್ಯದ ಯುದ್ಧನೌಕೆಯನ್ನು ಮುಳುಗಿಸಿತು. ಅದರ ಕಪ್ತಾನನು ದಡದಲ್ಲಿದ್ದನು. ಎಂಬತ್ತಕ್ಕೂ ಹೆಚ್ಚು ನಾವಿಕರು ಸತ್ತರು. ಹೊರಬರುವಾಗ ಎದುರಾದ ಫ್ರೆಂಚ್ ಹಡಗು ಮೂಸ್ಕೆ ಕೂಡ ಮುಳುಗಿತು. ಬೆನ್ನಟ್ಟುವವರು ಯಾವ ಕ್ಷಣದಲ್ಲಿ ಬಂದಾರೋ ತಿಳಿಯದ ಸ್ಥಿತಿ. ಆದರೂ ಮ್ಯೂಲರನು ನಿಂತು, ನೀರಿನಲ್ಲಿ ಈಜುತ್ತಿದ್ದ ಫ್ರೆಂಚರನ್ನು ಎತ್ತಿಸಿಕೊಂಡನು; ಎರಡು ದಿನಗಳ ಮೇಲೆ ದಾರಿಯಲ್ಲಿ ಸಿಕ್ಕಿದ ಬ್ರಿಟಿಷ್ ಹಡಗೊಂದಕ್ಕೆ ಅವರನ್ನು ಹತ್ತಿಸಿ ಬಿಟ್ಟುಬಿಟ್ಟನು.

ನವೆಂಬರ್ ೯ರಂದು ಅವನು ಕೋಕೋಸ್ ದ್ವೀಪಗಳಲ್ಲಿದ್ದ ತಂತಿ ಕಛೇರಿಯನ್ನು ನಾಶಮಾಡಲು ಸುಮಾರು ಐವತ್ತು ಜನರನ್ನು ದಡಕ್ಕೆ ಕಳುಹಿಸಿದನು. ನಿಸ್ತಂತು ಕಂಬವನ್ನು ಬೀಳಿಸುವಾಗ ತಮ್ಮ ಟೆನ್ನಿಸ್ ಅಂಗಳದ ಮೇಲೆ ಬೀಳದಂತೆ ನೋಡಿಕೊಳ್ಳಬೇಕೆಂದು ಕಛೇರಿಯವರು ಕೇಳಿಕೊಂಡರು. ಜರ್ಮನರು ಹಾಗೆಯೇ ನಡೆಸಿಕೊಟ್ಟರು. ಆದರೆ ಕಂಬ ಬೀಳುವ ಮುನ್ನವೇ ಅದರಿಂದ ಸುದ್ದಿ ಹೊರಟುಹೋಗಿದ್ದಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬಂತೆ, ಆಸ್ಟ್ರೇಲಿಯದ ಸೈನಿಕರನ್ನು ಹೊತ್ತ ಹಡಗುಗಳ ತಂಡ ಅದೇ ಹೊತ್ತಿಗೆ ಕೆಲವೇ ಗಂಟೆಗಳ ದೂರದಲ್ಲಿ ಸಾಗುತ್ತಿದ್ದಿತು. ಕಾವಲಿನ ‘ಸಿಡ್ನಿ’ ನೌಕೆ ಧಾವಿಸಿ ಬಂದಿತು.

ದಡದಲ್ಲಿದ್ದವರನ್ನು ಕಾಯುವಷ್ಟು ಸಮಯವಿರಲಿಲ್ಲ. ಅವರನ್ನು ಬಿಟ್ಟು ಮ್ಯೂಲರನು ಕಾದಾಟಕ್ಕೆ ಹೊರಟನು. ಎಂಡನ್ನಿನ ಫಿರಂಗಿಗಳು ನಾಲ್ಕು ಅಂಗುಲದವು, ಸಿಡ್ನಿಯವು ಆರು ಅಂಗುಲದವು. ವೇಗದಲ್ಲಿಯೂ ಸಿಡ್ನಿಯೇ ಮೇಲು. ಮೊದಮೊದಲು ಎಂಡನ್ನಿನ ಗುರಿಯೇ ಚೆನ್ನಾಗಿ ತಾಕಿತು. ಆಮೇಲಿನದು ಕಟುಕತನವೇ ಸರಿ. ಕೊಳವೆಗಳು ಮುರಿದುಬಿದ್ದು, ಹಡಗು ಉರಿಯತೊಡಗಿದಾಗ ಮ್ಯೂಲರನು ಅದನ್ನು ಉತ್ತರ ಕೀಲಿಂಗ್ ದ್ವೀಪದ ಬಂಡೆಗಳ ಮೇಲೆ ಹತ್ತಿಸಿದನು. ಸಿಡ್ನಿಯಲ್ಲಿ ನಾಲ್ವರು ಸತ್ತರೆ, ಎಂಡನ್ನಿನಲ್ಲಿ ಸತ್ತವರು ನೂರಮೂವತ್ತಕ್ಕೂ ಹೆಚ್ಚು. ಸಂಜೆ ಸಿಡ್ನಿ ಮರಳಿ ಬಂದಾಗ ಜರ್ಮನ್ ಧ್ವಜ ಇನ್ನೂ ಹಾರುತ್ತಿದ್ದಿತು. ಶರಣಾಗುವಿರಾ ಎಂದು ಕೇಳಿದುದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಮತ್ತೆ ಗುಂಡು ಹಾರಿತು, ಮತ್ತೆ ಕೆಲವರು ಸತ್ತರು, ಆಮೇಲೆ ಧ್ವಜ ಕೆಳಗಿಳಿಯಿತು. ಸೋತ ಕಪ್ತಾನನು ತನ್ನ ಕತ್ತಿಯನ್ನು ಇಟ್ಟುಕೊಳ್ಳಬಹುದೆಂದು ಬ್ರಿಟಿಷರು ಗೌರವ ತೋರಿಸಿದರು.

ದಡದಲ್ಲಿ ಉಳಿದವರು ಹಳೆಯದೊಂದು ಹಾಯಿಹಡಗನ್ನು ವಶಪಡಿಸಿಕೊಂಡು, ಅರಬಸ್ತಾನದ ಮರಳುಗಾಡನ್ನು ಹಾದು, ೧೯೧೫ರಲ್ಲಿ ತುರ್ಕಿಯ ರಾಜಧಾನಿಯನ್ನು ಸೇರಿದರು. ಅದು ಬೇರೆಯದೇ ಸಾಹಸ.

ಮ್ಯೂಲರನ ಪಾಲಿಗೆ ಬಂದುದು ಸೆರೆವಾಸ. ಮೊದಲು ಮಾಲ್ಟಾ, ಆಮೇಲೆ ಇಂಗ್ಲೆಂಡ್. ೧೯೧೭ರ ಸೆಪ್ಟೆಂಬರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಧಿಕಾರಿಗಳು ನೆಲದಡಿ ಸುರಂಗ ತೋಡಿ ಪಾರಾದಾಗ ಅವರ ಮುಂದಾಳು ಅವನೇ. ಬಹುಬೇಗ ಸಿಕ್ಕಿಬಿದ್ದನು. ಮಲೇರಿಯಾ ಉಲ್ಬಣಿಸಿದುದರಿಂದ ೧೯೧೮ರಲ್ಲಿ ಅವನನ್ನು ಹಾಲೆಂಡಿಗೆ ಕಳುಹಿಸಲಾಯಿತು. ಜರ್ಮನಿಯ ಅತ್ಯುನ್ನತ ಯುದ್ಧಪದಕ ಅವನಿಗೆ ದೊರೆತದ್ದೂ ಆ ವರ್ಷವೇ, ಹಡಗು ನಾಶವಾದ ಮೂರು ವರ್ಷಗಳ ಮೇಲೆ. ಕೀರ್ತಿ ಲೋಕವೆಲ್ಲ ಹಬ್ಬಿದ್ದರೂ ಹಡಗು ಕಳೆದುಕೊಂಡವನಿಗೆ ಪದಕವೇ ಎಂಬ ಅನುಮಾನ ಮೇಲಿನವರಲ್ಲಿ ಇದ್ದಿತಂತೆ.

೧೯೧೯ರಲ್ಲಿ ಅವನು ನಿವೃತ್ತನಾಗಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದನು. ಎಂಡನ್ನಿನ ಕಥೆಗೆ ಆಗ ಎಲ್ಲಿಲ್ಲದ ಬೆಲೆ. ಅವನ ಕೆಳಗಿನ ಅಧಿಕಾರಿಗಳು ಬರೆದ ಪುಸ್ತಕಗಳು ಕೈಯಿಂದ ಕೈಗೆ ಹಾರುತ್ತಿದ್ದವು. ಕಪ್ತಾನನೂ ಬರೆಯಲಿ ಎಂದು ಪ್ರಕಾಶಕರು ಕೇಳದಿರಲಿಲ್ಲ. ಸಂಗಾತಿಗಳ ರಕ್ತದಿಂದ ಹಣ ಮಾಡಿದಂತಾಗುವುದೆಂದು ಅವನು ಒಪ್ಪಲಿಲ್ಲ. ತನ್ನ ಪ್ರಾಂತದ ಶಾಸನಸಭೆಗೆ ಆರಿಸಿ ಹೋದಾಗಲೂ ಅವನು ಎತ್ತಿ ಹಿಡಿದದ್ದು ವರ್ಗಭೇದ ಕೂಡದೆಂಬ ಮಾತನ್ನು. ೧೯೨೩ರ ಮಾರ್ಚ್ ೧೧ರಂದು, ಇನ್ನೂ ಐವತ್ತು ತುಂಬುವ ಮೊದಲೇ, ಅವನು ತೀರಿಕೊಂಡನು.