ಅಜ್ಜಿಯ ಸೆರಗಿನ ಕೆಂಪು ಎಲ್ಲಿ ಹೋಯ್ತು?

ಗೆಳೆಯರೇ, ಯಾವ ಹೀರೋ ಯಾವ ಹೀರೋಯಿನ್ ಜೊತೆ ಮುನಿಸಿಕೊಂಡ ಅನ್ನೋ ಸುದ್ದಿ ಈ ವಾರ ಇಲ್ಲ. ಕ್ಷಮಿಸಿ! ಈ ವಾರದ ಕಥೆ ನಮ್ಮೂರು ತಾವರಗೇರಾದ್ದು. ಹೀರೋಯಿನ್ ನಮ್ಮಜ್ಜಿ. ವಿಲನ್ ಒಂದು ಲೈಟು!

ಈಗ ಊರೂರಿಗೂ ಡೈರೆಕ್ಟರುಗಳಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಳ್ಳುವ ಎಷ್ಟೋ ಹುಡುಗರ ಜೇಬಿನಲ್ಲಿ ಒಂದು ಕಿರುಚಿತ್ರದ ಕಥೆ ಇರುತ್ತೆ. ಸಿಕ್ಕಾಗೆಲ್ಲ ಕೇಳೋದು ಒಂದೇ ಮಾತು: 'ಅಣ್ಣಾ, ಕೈಯಾಗ ಹಿಡಕೊಂಡು ಓಡಾಡೋ ಲೈಟು ಯಾವುದು ಛಲೋ? ಫೋಟೋಕ್ಕೂ ಬರಬೇಕು, ಪಿಚ್ಚರ್‌ಗೂ ಬರಬೇಕು.' ಉತ್ತರ ಹೇಳುವ ಮೊದಲು ನಾನು ತಿಂದ ಪೆಟ್ಟು ಹೇಳಿಬಿಡುತ್ತೇನೆ.

ಪಿಯುಸಿಗೆ ಕೈಮುಗಿದು ಮನೆಯಲ್ಲಿ ಕೂತ ಕಾಲ. ಪತ್ರಿಕೆಗೆ ಬರೆಯೋದರ ಜೊತೆಗೆ ಮದುವೆ ಫೋಟೋ ತೆಗೆದು ನಾಲ್ಕು ಕಾಸು ಮಾಡಿಕೊಳ್ಳೋಣ ಅಂತ ಹೊರಟೆ. ಮೊದಲ ಕೆಲಸ ನಮ್ಮ ಮನೆಯದೇ, ತಂಗಿಯ ನಿಶ್ಚಿತಾರ್ಥ, ರಾತ್ರಿ ಹೊತ್ತು. ಅಂಗಡಿಯವ ಒಂದು ಎಲ್‌ಇಡಿ ಫ್ಲಡ್ ಲೈಟು ಕೈಗಿಟ್ಟ. 'ಅಣ್ಣಾ, ರಾತ್ರೀನ ಹಗಲು ಮಾಡತೈತಿ' ಅಂದ. ಮಾಡಿತು, ಸುಳ್ಳಲ್ಲ! ನಮ್ಮ ಪಡಸಾಲೆ ಝಗಝಗ ಅಂತು. ಅಜ್ಜಿ ಅವತ್ತು ತನ್ನ ಹಳೇ ಇಳಕಲ್ ಸೀರೆ ಉಟ್ಟಿದ್ದಳು. ಆ ಕೆಂಪು ಸೆರಗು ಗೊತ್ತಲ್ಲ? ನಡುವೆ ಬಿಳಿ ತೆನೆ ತೆನೆ. ಸೆರಗು ತಲೆ ಮೇಲೆ ಹೊದ್ದುಕೊಂಡು ನೆಟ್ಟಗೆ ಕೂತಳು.

ಮರುದಿನ ಫೋಟೋ ನೋಡಿದರೆ ಸೆರಗು ಸುಟ್ಟ ಇಟ್ಟಂಗಿ ಬಣ್ಣ. ಅಜ್ಜಿಯ ಮುಖ ವಾರಗಟ್ಟಲೆ ಜ್ವರ ಬಂದವರ ಹಾಗೆ ಹಸಿರುಗಟ್ಟಿತ್ತು. ಕನ್ನಡಕ ಏರಿಸಿ ನೋಡಿದ ಅಜ್ಜಿ, 'ಏ ಯಪ್ಪಾ, ಇದು ನನ್ನ ಸೀರಿ ಅಲ್ಲೋ. ಯಾರದ ಉಡಿಸಿಯಲ್ಲ ನನಗ!' ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. 'ಹೋಗಲಿ ಬಿಡು, ಒಂದಿನ ಹಗಲೊತ್ತಿನ್ಯಾಗ ತೆಗಿ' ಅಂದಳು. ಹೂಂ ಅಂದೆ.

ಕಂಪ್ಯೂಟರಿನಲ್ಲಿ ಕೂತು ಬಣ್ಣ ಸರಿಮಾಡಲು ಹೆಣಗಾಡಿದೆ. ಮುಖ ಸರಿಮಾಡಿದರೆ ಗೋಡೆ ಗುಲಾಬಿ. ಸೆರಗು ಸರಿಮಾಡಿದರೆ ಮುಖ ಟೊಮ್ಯಾಟೋ! ಯಾಕೆ ಹೀಗೆ ಅಂತ ತಲೆ ಕೆರೆದುಕೊಂಡು ಓದಿದಾಗಲೇ ಗುಟ್ಟು ತಿಳಿದದ್ದು.

ಕೆಂಪಿಲ್ಲದ ಬೆಳಕು

ಬಿಳಿ ಎಲ್‌ಇಡಿ ಒಳಗೆ ಹುಟ್ಟೋದು ಬಿಳಿ ಬೆಳಕಲ್ಲ ಸ್ವಾಮೀ, ನೀಲಿ ಬೆಳಕು! (ಆ ನೀಲಿ ದೀಪ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು.) ನೀಲಿಯ ಮೇಲೆ ಹಳದಿ ಪುಡಿಯ ಲೇಪ ಹಾಕುತ್ತಾರೆ. ಎರಡೂ ಸೇರಿ ಕಣ್ಣಿಗೆ ಬಿಳಿ. ಅಗ್ಗದ ಲೈಟಿನಲ್ಲಿ ಕೆಂಪು ತೀರಾ ಕಡಿಮೆ. ಸೆರಗು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಕೆಂಪು ಬೆಳಕು ಬೀಳಲೇಬೇಕು. ಬೀಳದೇ ಇದ್ದದ್ದನ್ನು ಕ್ಯಾಮೆರಾ ಎಲ್ಲಿಂದ ತರುತ್ತೆ? ವೈಟ್ ಬ್ಯಾಲೆನ್ಸ್ ತಿರುವಿದರೆ ಇಡೀ ಚಿತ್ರ ಹಳದಿಗೋ ನೀಲಿಗೋ ವಾಲುತ್ತೆ, ಅಷ್ಟೆ. ನಮ್ಮ ಜನರ ಮೈಬಣ್ಣದಲ್ಲೂ ಕೆಂಪೇ ಜೀವ. ಅದು ಹೋದರೆ ಮುಖ ಹೆಣದ ಕಳೆ.

ಒಂದು ಮೋಜು ಕೇಳಿ. ಹಿಂದೆ ಮದುವೆ ವಿಡಿಯೋದವರು ಹಿಡಿಯುತ್ತಿದ್ದ 1000 ವ್ಯಾಟಿನ ಸನ್‌ಗನ್ ನೆನಪಿದೆಯಾ? ಅದರ ಬಿಸಿಗೆ ಮದುಮಗಳ ಪೌಡರು ಇಳಿದು ಹೋಗುತ್ತಿತ್ತು, ಮನೆಯ ಫ್ಯೂಸು ಹಾರುತ್ತಿತ್ತು. ಆದರೆ ಬಣ್ಣದಲ್ಲಿ ಅದು ಬಂಗಾರ! ಹ್ಯಾಲೋಜನ್ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುತ್ತೆ. ನೂರಕ್ಕೆ ಹೆಚ್ಚುಕಡಿಮೆ ನೂರು ಮಾರ್ಕು.

ಆ ಮಾರ್ಕಿನ ಹೆಸರೇ ಸಿ.ಆರ್.ಐ. ಲೈಟು ಕೊಳ್ಳುವಾಗ ಡಬ್ಬಿಯ ಮೇಲೆ ನೀವು ಮೊದಲು ಹುಡುಕಬೇಕಾದ್ದು ಅದನ್ನೇ. ಅಂಗಳಕ್ಕೆ, ಗೋಡೌನಿಗೆ ಹಾಕುವ ಫ್ಲಡ್ ಲೈಟಿಗೆ 70–80 ಇದ್ದರೆ ಸಾಕು, ಅಲ್ಲಿ ಬೇಕಾದ್ದು ಕಳ್ಳನ ಗುರುತು ಮಾತ್ರ! ಫೋಟೋಕ್ಕೆ 95ಕ್ಕಿಂತ ಕಡಿಮೆ ಬೇಡ. ಆದರೆ ಇಲ್ಲೊಂದು ಮೋಸ ಉಂಟು. ಈ ಮಾರ್ಕು ಕೊಡೋದು ಎಂಟು ಮಾಸಲು ಬಣ್ಣ ನೋಡಿ. ಕಡುಗೆಂಪಿಗೆ 'ಆರ್-9' ಅಂತ ಬೇರೆಯೇ ಲೆಕ್ಕ. 80 ಮಾರ್ಕಿನ ಲೈಟಿಗೆ ಕೆಂಪಿನಲ್ಲಿ ಸೊನ್ನೆಯ ಹತ್ತಿರ ಬಂದಿರಬಹುದು! ಅಂದರೆ ಒಟ್ಟು ಫಸ್ಟ್ ಕ್ಲಾಸು, ಮುಖ್ಯ ವಿಷಯದಲ್ಲೇ ಫೇಲು. ಆರ್-9 ಅಂಕಿ 90ರ ಆಸುಪಾಸು ಇದ್ದರೆ ಕಣ್ಣುಮುಚ್ಚಿ ಮುಂದುವರಿಯಿರಿ. ಯುರೋಪಿನ ಟಿವಿ ಪ್ರಸಾರಕರ ಒಕ್ಕೂಟ 2012ರಲ್ಲಿ ಕ್ಯಾಮೆರಾಗೆಂದೇ ತಂದ ಟಿ.ಎಲ್.ಸಿ.ಐ. ಎಂಬ ಅಳತೆಯೂ ಇದೆ. ಅದೂ 95 ದಾಟಿದ್ದರೆ ಒಳ್ಳೆಯದು.

ಅಂಗಡಿಯಲ್ಲಿ ಏನು ಮಾಡಬೇಕು?

ಡಬ್ಬಿಯ ಅಂಕಿಯನ್ನೇ ನಂಬಬೇಡಿ. ಜೇಬಿನಲ್ಲಿ ಒಂದು ಕೆಂಪು ಬಟ್ಟೆ ತುಂಡು ಒಯ್ಯಿರಿ. ಬಟ್ಟೆಯನ್ನೂ ನಿಮ್ಮ ಅಂಗೈಯನ್ನೂ ಮೊದಲು ಬಾಗಿಲಾಚೆ ಹಗಲ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಅಂಗಡಿಯ ಬೇರೆ ದೀಪ ಆರಿಸಿ ಆ ಲೈಟಿನಲ್ಲಿ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಂಪು ಕಂದಿದ್ದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಎರಡನೇದು, ಮಿಣುಕು. ಲೈಟನ್ನು ಮಂದ ಮಾಡಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಪಟ್ಟೆಪಟ್ಟೆ ಓಡಿದರೆ ಆ ಲೈಟು ವಿಡಿಯೋಕ್ಕೆ ಆಗದು. ನಮ್ಮ ಕರೆಂಟು 50 ಹರ್ಟ್ಸ್, ಮನೆಯ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಅವುಗಳ ಕೆಳಗೆ ಶೂಟ್ ಮಾಡಲೇಬೇಕಾದರೆ ಶಟರ್ 1/50 ಅಥವಾ 1/100ಕ್ಕೆ ಇಡಿ.

ಮೂರನೇದು, ಬ್ಯಾಟರಿ. ಕರೆಂಟು ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಕ್ಯಾಮೆರಾ ಲೈಟಿಗೆ ಹಾಕುವ 7.4 ವೋಲ್ಟ್, 6600 ಎಂಎಎಚ್ ಬ್ಯಾಟರಿಯಲ್ಲಿ ಇರೋದು ಸುಮಾರು 49 ವ್ಯಾಟ್-ಅವರ್. 30 ವ್ಯಾಟಿನ ಲೈಟು ಪೂರ್ತಿ ಉರಿದರೆ ಹೆಚ್ಚೆಂದರೆ ಒಂದೂವರೆ ಗಂಟೆ. ಹೀಗೆ ಭಾಗಾಕಾರ ಮಾಡಿಯೇ ಬ್ಯಾಟರಿ ಕೊಳ್ಳಿ. ತಾಳಿ ಕಟ್ಟುವ ಹೊತ್ತಿಗೆ ಲೈಟು ಆರಿದರೆ ಬೀಗರ ಮುಂದೆ ಮುಖ ಎಲ್ಲಿಡುತ್ತೀರಿ?

ನಾಲ್ಕನೇದು, ಬಿಸಿ-ತಂಪು ಬಣ್ಣ ಬದಲಿಸುವ ಗುಂಡಿ. 3200 ಕೆಲ್ವಿನ್ ಅಂದರೆ ಹಳೇ ಬಲ್ಬಿನ ಹಳದಿ, 5600 ಅಂದರೆ ಹಗಲು. ಎರಡೂ ಸಿಗುವ ಬೈಕಲರ್ ಲೈಟಿದ್ದರೆ ಕಿಟಕಿಯ ಬೆಳಕಿಗೂ ಹೊಂದಿಸಬಹುದು, ಮನೆಯ ಬಲ್ಬಿಗೂ ಹೊಂದಿಸಬಹುದು. ಟ್ಯೂಬ್‌ಲೈಟು ಮಾತ್ರ ಆರಿಸಿಬಿಡಿ. ಹತ್ತು ಬಗೆಯ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ದೇವರೂ ಸರಿಮಾಡಲಾರ.

ವ್ಯಾಟು? ಕೊನೆಗೆ ಕೇಳಿ! ಲೈಟು ನಾಲ್ಕು ಅಡಿಯಿಂದ ಎಂಟು ಅಡಿಗೆ ಹೋದರೆ ಬೆಳಕು ಕಾಲುಭಾಗ ಆಗುತ್ತೆ. ಆದ್ದರಿಂದ ದೊಡ್ಡ ಲೈಟು ದೂರ ಇಡುವ ಬದಲು ಸಣ್ಣ ಲೈಟು ಹತ್ತಿರ ತನ್ನಿ. ನೇರ ಮುಖಕ್ಕೆ ಹೊಡೆಯಬೇಡಿ, ಬಿಳಿ ಪಂಚೆಗೆ ಹೊಡೆದು ವಾಪಸು ಬರೋ ಬೆಳಕಿನಲ್ಲಿ ತೆಗೆಯಿರಿ. ಗೋಡೆಗೆ ಹೊಡೆದೀರಿ ಜೋಕೆ, ಹಸಿರು ಗೋಡೆಯಾದರೆ ಮುಖವೂ ಹಸಿರು!

ದುಡ್ಡಿಲ್ಲವೇ?

ಪಂಚೆ ಅಂದರೆ ನಗಬೇಡಿ. 1956ರ 'ಅಪರಾಜಿತೋ' ಚಿತ್ರಕ್ಕೆ ಸುಬ್ರತ ಮಿತ್ರ ಕಾಶಿಯ ಮನೆಯ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ಲೈಟು ಹೊಡೆದೇ ಹಗಲನ್ನು ಸೃಷ್ಟಿಸಿದರು. ಇನ್ನು ನಮ್ಮ ಮೈಸೂರಿನ ವಿ.ಕೆ. ಮೂರ್ತಿ! 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋ ಕತ್ತಲೆ ಸೀಳಿ ಬರುವ ಆ ಬೆಳಕಿನ ಕೋಲು ಯಾವ ದೊಡ್ಡ ಲೈಟಿನದೂ ಅಲ್ಲ. ಎರಡು ದೊಡ್ಡ ಕನ್ನಡಿಗಳಲ್ಲಿ ಹೊರಗಿನ ಬಿಸಿಲನ್ನೇ ಹಿಡಿದು ಒಳಗೆ ಕರೆತಂದರು. ಮುಂದೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಬಿಸಿಲಿಗೆ ಸಿ.ಆರ್.ಐ. ನೂರಕ್ಕೆ ನೂರು ಗೆಳೆಯರೇ. ಕೊಪ್ಪಳದ ಕಡೆ ಅದಕ್ಕೇನು ಬರವೇ? ಲೈಟು ಕೊಳ್ಳುವ ದುಡ್ಡು ಕೂಡುವ ತನಕ ಕಿಟಕಿ ಪಕ್ಕ ಕೂರಿಸಿ, ಎದುರಿಗೆ ಒಂದು ಬಿಳಿ ಥರ್ಮಾಕೋಲ್ ಹಿಡಿಯಿರಿ. ಅಗ್ಗದ ಲೈಟಿಗೆ ಅರ್ಧ ದುಡ್ಡು ಸುರಿದು ಕೈಸುಟ್ಟುಕೊಳ್ಳಬೇಡಿ. ಕಾಯಿರಿ.

ಆದರೆ ಫೋಟೋ ಮಾತ್ರ ಕಾಯಿಸಬೇಡಿ. 'ಹಗಲೊತ್ತಿನ್ಯಾಗ ತೆಗಿ' ಅಂದಿದ್ದಳಲ್ಲ ಅಜ್ಜಿ? ಇವತ್ತು, ನಾಳೆ ಅನ್ನುತ್ತಾ ಇದ್ದೆ. ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಳು. ಆ ಸೀರೆಯಲ್ಲಿ ಅವಳದು ಇರೋದು ಅದೊಂದೇ ಫೋಟೋ. ಬಣ್ಣ ಸರಿಹೋಗದ್ದಕ್ಕೆ ಕಪ್ಪು-ಬಿಳುಪು ಮಾಡಿಸಿ ಕಟ್ಟು ಹಾಕಿಸಿದ್ದೇನೆ. ಮನೆಗೆ ಬಂದವರು, 'ಹಳೇ ಕಾಲದ ಫೋಟೋ, ಎಷ್ಟು ಛಂದ ಐತಿ' ಅನ್ನುತ್ತಾರೆ. ಅವ್ವ ಏನೂ ಹೇಳಲ್ಲ. ಇಳಕಲ್ ಸೀರೆ ಟ್ರಂಕಿನಲ್ಲಿದೆ. ಸೆರಗು ಇನ್ನೂ ಕೆಂಪಗೇ ಇದೆ.

ಮುಂದಿನ ವಾರ ಸಿಗೋಣ.